ಆಕೆಯ ಹೆಸರಿನಲ್ಲಿ ತೆರೆದ ಬಾಗಿಲು

ಆಕೆ ಔಷಧಿ ಗೋದಾಮಿಗೆ ಮೊದಲ ಸಲ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಹೆಗಲಲ್ಲಿ ಹಳೇ ಬ್ಯಾಗು, ಕೈಯಲ್ಲಿ ರಟ್ಟು ಕಿತ್ತುಹೋದ ನೋಟುಬುಕ್ಕು. ಬಂದವಳೇ ಕರವಸ್ತ್ರ ತೆಗೆದು ಗುಮಾಸ್ತನ ಕೀಬೋರ್ಡಿನ ಧೂಳು ಒರೆಸತೊಡಗಿದಳು.

"ಏನಮ್ಮಾ, ಕಂಪ್ಯೂಟರ್ ಕೆಲಸಕ್ಕೆ ಬಂದ್ಯೋ, ಕಸ ಗುಡಿಸೋಕೆ ಬಂದ್ಯೋ?" ಗುಮಾಸ್ತ ಕಾಲೆಳೆದ.

"ಎರಡಕ್ಕೂ ಸೇರಿ ಒಂದೇ ಸಂಬಳ ಅಣ್ಣ."

ಇನ್ನು ಮುಂದೆ ದಾಸ್ತಾನಿನ ಲೆಕ್ಕವೆಲ್ಲ ದೂರದ ಮುಖ್ಯ ಕಚೇರಿಯ ಸರ್ವರ್‌ನಲ್ಲಿ ಇರಬೇಕೆಂದು ಆದೇಶವಾಗಿತ್ತು. ಇಲ್ಲಿಂದ ಅಲ್ಲಿಗೆ ಸೇರಿಸುವ ತಂತ್ರಾಂಶ ಹಾಕುವುದು ಆಕೆಯ ಕೆಲಸ. ನೋಟುಬುಕ್ಕು ನೋಡಿ ಸರ್ವರ್ ವಿಳಾಸದ ಅಂಕೆಗಳನ್ನು ಒಂದೊಂದಾಗಿ ಒತ್ತಿದಳು. ಎರಡು ಸಲ ಸಂಪರ್ಕ ಸಿಗಲಿಲ್ಲ. ನಡುವೆ ಒಂದು ಚುಕ್ಕೆ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದ್ದೇ ಪರದೆಯ ಮೂಲೆಯಲ್ಲಿ ಹಸಿರು ದೀಪ ಹತ್ತಿತು.

"ಬಾಗಿಲು ತೆಗೀತು ನೋಡಿ. ಈಗ ನಿಮ್ಮ ಪಾಸ್‌ವರ್ಡ್ ಹಾಕಿ ಅಣ್ಣ."

ಗುಮಾಸ್ತ ಮೂರು ಸಲವೂ ತಪ್ಪು ಹಾಕಿದ. ಅವನ ಖಾತೆಗೆ ಬೀಗ ಬಿತ್ತು. ಬಿಡಿಸಲು ಮುಖ್ಯ ಕಚೇರಿಗೆ ಒಂದು ವಾರ ಬೇಕು. ಗೇಟಿನಲ್ಲಿ ನೋಡಿದರೆ ಔಷಧಿ ಲಾರಿ ನಿಂತಿದೆ. ಆಕೆ ಅತ್ತಿತ್ತ ನೋಡಿ ತನ್ನದೇ ಹೆಸರು, ಪಾಸ್‌ವರ್ಡ್ ಹಾಕಿಕೊಟ್ಟಳು.

"ನಿಮ್ಮದು ಬಂದ ದಿನವೇ ನಂದನ್ನ ತೆಗೆದುಬಿಡಿ. ಮರೀಬೇಡಿ."

"ನನ್ನನ್ನ ಏನಂದ್ಕೊಂಡೆ ತಂಗೀ!"

ಅವನದು ಒಂಬತ್ತನೇ ದಿನ ಬಂತು. ಅವನು ಆಕೆಯದನ್ನು ತೆಗೆಯಲಿಲ್ಲ. ಮರೆತೇನೂ ಇರಲಿಲ್ಲ. ಆಕೆಯ ಹೆಸರಿನಲ್ಲಾದರೆ ಮೇಲಿನವರ ಒಪ್ಪಿಗೆ ಇಲ್ಲದೆಯೇ ಲೆಕ್ಕ ತಿದ್ದಬಹುದಿತ್ತು. ಪ್ರತಿಯೊಂದಕ್ಕೂ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವವರು ಯಾರು?

ನಾಲ್ಕು ತಿಂಗಳು ಕಳೆದವು. ಒಂದು ಶುಕ್ರವಾರ, ಊಟದ ಅವಸರದಲ್ಲಿ, ಅವಧಿ ಮುಗಿದ ಔಷಧಿಯ ಸಾಲು ಅಳಿಸುವ ಬದಲು ಅವನು ಅದರ ಕೆಳಗಿನ ಸಾಲು ಅಳಿಸಿದ. ಅದು ಎಳೆಮಕ್ಕಳ ಜ್ವರದ ಔಷಧಿ. ಅಳಿಸಿದ ಔಷಧಿಯ ಹೆಸರಿನಲ್ಲಿ ಕಂಪ್ಯೂಟರ್‌ನಿಂದ ಬಂದ ಚೀಟಿಯ ಪ್ರಕಾರ ಹಮಾಲರು ಅಷ್ಟೂ ಪೆಟ್ಟಿಗೆಗಳನ್ನು ಸುಡಲು ಕಳಿಸಿದರು. ಮಕ್ಕಳ ಆಸ್ಪತ್ರೆಯಿಂದ ಫೋನು ಬರುವಷ್ಟರಲ್ಲಿ ಎಲ್ಲ ಬೂದಿ.

ಸರ್ವರ್ ಕೊಟ್ಟ ಪಟ್ಟಿಯಲ್ಲಿ ಆಕೆಯ ಹೆಸರಿತ್ತೇ ಹೊರತು ಒತ್ತಿದ್ದು ಯಾರ ಬೆರಳು ಅಂತ ಇರಲಿಲ್ಲ. ಸಾಹೇಬರು ಇಬ್ಬರನ್ನೂ ಕರೆಸಿದರು. ತಾನು ಪಾಸ್‌ವರ್ಡ್ ಕೊಟ್ಟಿದ್ದಷ್ಟೇ, ಅಳಿಸಿದ್ದು ತಾನಲ್ಲ ಅಂದಳು ಆಕೆ.

"ಪಾಸ್‌ವರ್ಡ್ ಕೊಟ್ಟಿದ್ದಷ್ಟೇ ನಿನ್ನ ತಪ್ಪಾದ್ರೆ ಎಚ್ಚರಿಕೆ ಪತ್ರದಲ್ಲಿ ಮುಗಿಸ್ತೀನಿ. ಅಳಿಸಿದ್ದೂ ನೀನೇ ಆದ್ರೆ ಕೆಲಸ ಹೋಗುತ್ತೆ."

ಆಕೆ ಗುಮಾಸ್ತನ ಕಡೆ ತಿರುಗಿದಳು. "ಅಣ್ಣ, ಒಂದು ಮಾತು ಹೇಳಿ."

ಅವನಿಗೆ ನಿವೃತ್ತಿಗೆ ಇನ್ನು ಎರಡೇ ವರ್ಷ. ಗೋಡೆಯ ಮೇಲಿನ ಸ್ವಿಚ್ಚುಗಳನ್ನು ನೋಡುತ್ತಾ ಅಂದ: "ನನಗೆ ಈ ಕಂಪ್ಯೂಟರ್ ಗಿಂಪ್ಯೂಟರ್ ಎಲ್ಲಿ ಬರುತ್ತೆ ಸಾರ್? ಎಲ್ಲಾ ಅವರೇ ಮಾಡಿಟ್ಟು ಹೋಗಿದ್ದು."

ಆಕೆಯ ಕೆಲಸ ಹೋಯಿತು. ಬ್ಯಾಗು ತೆಗೆದುಕೊಳ್ಳಲು ಅವನ ಮೇಜಿನ ತನಕ ಬಂದಳು. ಅವನ ಪರದೆಯಲ್ಲಿದ್ದ ತನ್ನ ಹೆಸರು ಅಳಿಸಿದಳು. ಅವನತ್ತ ತಿರುಗಿ "ಬರ್ತೀನಿ ಸಾರ್" ಅಂದಳು.

ಗುಮಾಸ್ತ ಅದೇ ಕುರ್ಚಿಯಲ್ಲಿದ್ದಾನೆ. ಬಸ್ ನಿಲ್ದಾಣ ದಾಟಬೇಕಾದಾಗ ಹಿಂದಿನ ರಸ್ತೆ ಹಿಡಿಯುತ್ತಾನೆ. ಆಕೆ ಈಗ ಆ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕೂತು ಮೊಬೈಲ್‌ಗಳಿಗೆ ಗಾಜು ಅಂಟಿಸುತ್ತಾಳೆ.