ಮೂರು ಫೈಲು ಕೂಡಿಸುವಾಗ ಬಿಟ್ಟುಹೋದವರು

2003ರಲ್ಲಿ ನಾನು ಕೊಪ್ಪದ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹುಡುಗರ ಉತ್ತರ ಸರಿಯಿದ್ದರೆ, ಎಲ್ಲಿಂದ ನಕಲು ಹೊಡೆದರು ಎಂದೇ ಮೊದಲು ಯೋಚಿಸುತ್ತಿದ್ದೆ.

ಆ ವರ್ಷ ಕಣ್ಣಿನ ಪೊರೆಯ ಉಚಿತ ಶಸ್ತ್ರಚಿಕಿತ್ಸಾ ಶಿಬಿರವೊಂದು ನಡೆಯುವುದಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ತಪಾಸಣೆಯಾದವರ ಹೆಸರುಗಳನ್ನು ಒಬ್ಬರಿಗೊಂದು ಸಾಲಿನಂತೆ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ, ಫ್ಲಾಪಿಯಲ್ಲಿ ನಮಗೆ ಕೊಟ್ಟಿದ್ದರು. ಮೂರು ಟೆಕ್ಸ್ಟ್ ಫೈಲುಗಳನ್ನು ಒಂದಾಗಿಸಿ ಪಟ್ಟಿ ಮುದ್ರಿಸುವ ಪುಟ್ಟ ಪ್ರೋಗ್ರಾಮನ್ನು ಶಿಬಿರದವರೇ ಕಳಿಸಿದ್ದರು. ಪಟ್ಟಿಯನ್ನು ಮೂರೂ ಊರುಗಳಲ್ಲಿ ಅಂಟಿಸಿದೆವು. ಅದರಲ್ಲಿದ್ದವರಿಗಷ್ಟೇ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಜಾಗ.

ಬಸ್ಸು ಹೊರಡುವ ಹಿಂದಿನ ದಿನ ನರಸಿಂಹರಾಜಪುರದ ಹತ್ತಿರದ ಕಡಹಿನಬೈಲಿನ ಮಂಜಪ್ಪ, ತಾಯಿ ಸೀತಮ್ಮನ ಕೈಹಿಡಿದುಕೊಂಡು ಬಂದ. ಎರಡೂ ಕಣ್ಣಿಗೆ ಪೊರೆ. ಆಕೆ ಹೊಸ್ತಿಲನ್ನು ಕಾಲಲ್ಲಿ ತಡವಿ ದಾಟಿದರು. ತಪಾಸಣೆಗೆ ಎಲ್ಲರಿಗಿಂತ ಮೊದಲು ನಿಂತವರ ಹೆಸರೇ ಪಟ್ಟಿಯಲ್ಲಿಲ್ಲ. ನರಸಿಂಹರಾಜಪುರದ ಹೆಸರುಗಳನ್ನು ಟೈಪ್ ಮಾಡಿದ ನಾಗೇಶನೂ ಕಡಹಿನಬೈಲಿನವನೇ, ಎರಡೂ ಮನೆಗಳಿಗೆ ಬೇಲಿ ಜಗಳ. ಬೇಕೆಂದೇ ಹೆಸರು ತೆಗೆದಿದ್ದಾನೆಂದು ಮಂಜಪ್ಪನ ದೂರು. ನನಗೂ ಹಾಗೇ ಅನ್ನಿಸಿತು.

ನಾಗೇಶನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಅವನ ದನಿ ಏರಲೇ ಇಲ್ಲ. ಇಷ್ಟು ತಣ್ಣಗೆ ಮಾತಾಡುವವನು ಏನೋ ಮಾಡಿಯೇ ಇದ್ದಾನೆ ಅಂದುಕೊಂಡೆ.

“ಬೇಲಿ ಜಗಳ ಬೇಲಿ ಹತ್ರ, ಮೇಡಂ. ಆ ಅಜ್ಜಿ ಕಣ್ಣಿನ ಮೇಲೆ ನಂಗೆಂತ ಸಿಟ್ಟು? ಫ್ಲಾಪಿ ನಿಮ್ಮ ಹತ್ರಾನೇ ಇದ್ಯಲ್ಲ ಮಾರಾಯ್ರೆ, ತೆಗ್ದು ನೋಡಿ.”

ತೆಗೆದು ನೋಡಿದರೆ ಅವನ ಫೈಲಿನ ಮೊದಲ ಸಾಲಿನಲ್ಲೇ ಸೀತಮ್ಮನ ಹೆಸರಿತ್ತು. ಹಾಗಾದರೆ ನಮ್ಮವರದೇ ಕೈವಾಡವೆಂದು ಪ್ರಿಂಟ್ ತೆಗೆದ ಸಹೋದ್ಯೋಗಿಯನ್ನು ತರಾಟೆಗೆ ತೆಗೆದುಕೊಂಡೆ. ಪಾಪ, ಆಕೆ ಅಳುವುದೊಂದು ಬಾಕಿ. ಕೊನೆಗೆ ಒಂದಾಗಿಸಿದ ಫೈಲನ್ನು ತೆರೆದಾಗ ಸಂಗತಿ ತಿಳಿಯಿತು. ಶೃಂಗೇರಿಯ ಕೊನೆಯ ಹೆಸರಿಗೆ ಸೀತಮ್ಮನ ಹೆಸರು ಅಂಟಿಕೊಂಡು ಒಂದೇ ಸಾಲಾಗಿತ್ತು. ಶೃಂಗೇರಿಯವರು ಕೊನೆಯ ಸಾಲಿನ ಬಳಿಕ ಎಂಟರ್ ಒತ್ತಿರಲಿಲ್ಲ. ಪ್ರೋಗ್ರಾಂ ಒಂದು ಫೈಲಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಹಾಗೇ ಜೋಡಿಸಿತ್ತು. ಮುದ್ರಿಸುವಾಗ ಸಾಲಿಗೊಂದೇ ಹೆಸರು ತೆಗೆದುಕೊಂಡು ಎರಡನೆಯದನ್ನು ಬಿಟ್ಟಿತ್ತು. ಪ್ರತಿ ಫೈಲು ಮುಗಿದೊಡನೆ ಹೊಸ ಸಾಲು ಶುರುಮಾಡು ಎಂಬ ಒಂದು ಆದೇಶ ಸೇರಿಸಿದೆ. ಸೀತಮ್ಮ ಪಟ್ಟಿಗೆ ಬಂದರು.

ತಾಯಿ ಮಗ ಹೊರಡುವಷ್ಟರಲ್ಲಿ ನನಗೆ ಹೊಳೆಯಿತು: ಮೂರು ಫೈಲಿಗೆ ಎರಡು ಬೆಸುಗೆ. ನೋಡಿದರೆ ಕೊಪ್ಪದವರೂ ಕೊನೆಗೆ ಎಂಟರ್ ಒತ್ತಿರಲಿಲ್ಲ; ಕೊಪ್ಪದ್ದು ಮುಗಿದು ಶೃಂಗೇರಿಯದು ಶುರುವಾಗುವಲ್ಲೂ ಒಬ್ಬರು ಬಿಟ್ಟುಹೋಗಿದ್ದರು. ಶೇಷಪ್ಪ ಎಂಬ ಒಂಟಿ ಮುದುಕರು. ಅವರ ಪರವಾಗಿ ಯಾರೂ ಕೇಳಲು ಬಂದಿರಲಿಲ್ಲ. ಅವರ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿ ಹೇಳಿಕಳಿಸಿದೆ.

ಮರುದಿನ ಬಸ್ಸಿನ ಬಳಿ, ಹೆಸರಿಲ್ಲದ್ದು ಗೊತ್ತಾಗಲಿಲ್ಲವೇ ಎಂದು ಶೇಷಪ್ಪನವರನ್ನು ಕೇಳಿದೆ.

“ಗೊತ್ತಾಯ್ತು ತಾಯಿ, ಪಟ್ಟಿ ಓದ್ಸಿದ್ದೆ. ಯಾರೋ ತೆಗ್ಸಿರ್ಬೇಕು ಅಂದ್ಕೊಂಡೆ. ನನ್ ಮೇಲೆ ಯಾರಿಗೆ ಅಷ್ಟು ಸಿಟ್ಟು ಅಂತ ಊರೋರನ್ನೆಲ್ಲ ಒಬ್ಬೊಬ್ರಾಗಿ ನೆನೆಸ್ಕೊಂಡು ಕೂತಿದ್ದೆ.”

ಅವರ ಕೈಹಿಡಿದು ಬಸ್ಸು ಹತ್ತಿಸಿದೆ. ಅಂದಿನಿಂದ, ದೂರು ತಂದವರ ಕೆಲಸ ಮುಗಿದ ಮೇಲೂ ನಾನು ಫೈಲು ಮುಚ್ಚುವುದಿಲ್ಲ. ದೂರು ತಾರದವರು ಇನ್ನು ಯಾರಿದ್ದಾರೆ ಎಂದು ಹುಡುಕುತ್ತೇನೆ.