ತಟ್ಟೆಯ ನೀರಿನಲ್ಲಿ ಕರ್ಪೂರದ ದೋಣಿಗಳು

ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸಕ್ಕೆ ಸಂದರ್ಶನವಿತ್ತು. ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಕುಂದಾಪುರದ ಬಳಿಯ ಕೋಡಿಯ ನಮ್ಮ ಮನೆಯಿಂದ ಅಗಲವಾದ ಸ್ಟೀಲ್ ತಟ್ಟೆ, ಬಟ್ಟಲು, ಉಗುರಿನ ಗಾತ್ರದ ಎರಡು ಪ್ಲಾಸ್ಟಿಕ್ ದೋಣಿ, ಮೀಸಲಿಗೆ ಇನ್ನೆರಡು ಒಯ್ದಿದ್ದೆ. ದೋಣಿಗಳ ಹಿಂಬದಿಗೆ ದೇವರ ಕೋಣೆಯ ಕರ್ಪೂರದ ಚೂರು ಅಂಟಿಸಿದ್ದೆ. ತಟ್ಟೆಯ ನಡುವೆ ಬಟ್ಟಲು ಕವುಚಿ, ಸುತ್ತ ನೀರು ಹೊಯ್ದರೆ ಅವು ಓಡಲು ದುಂಡಗಿನ ದಾರಿ. ಕರ್ಪೂರ ಕರಗಿದ ಕಡೆ ನೀರಿನ ಮೇಲ್ಮೈಯ ಸೆಳೆತ ಕಡಿಮೆಯಾಗಿ, ಮುಂದಿನ ನೀರು ದೋಣಿಯನ್ನು ಎಳೆದುಕೊಳ್ಳುತ್ತದೆ. ಎರಡನ್ನೂ ಬಿಟ್ಟರೆ ಮೊದಲು ಅಡ್ಡಾದಿಡ್ಡಿ ಓಡಿ, ಸ್ವಲ್ಪ ಹೊತ್ತಿಗೆ ತಾವಾಗಿಯೇ ಒಂದೇ ಲಯಕ್ಕೆ ಬರುತ್ತವೆ. ಮನೆಯಲ್ಲಿ ವಾರವಿಡೀ ಮಾಡಿ ನೋಡಿದ್ದೆ, ಒಮ್ಮೆಯೂ ತಪ್ಪಿರಲಿಲ್ಲ.

ಅಲ್ಲಿ ನೀರಿಗೆ ಬಿಟ್ಟೆ. ಎರಡೂ ಅಲುಗಲಿಲ್ಲ.

ಮೇಜಿನಾಚೆ ಮೂವರು ಕೂತಿದ್ದರು. ಒಬ್ಬರು ಗಡಿಯಾರ ನೋಡಿದರು. ನೀರು ಬದಲಿಸಿದೆ, ಹೊಸ ಕರ್ಪೂರ ಅಂಟಿಸಿದೆ. ಇಲ್ಲ. ಬೆನ್ನಿಗೆ ರವಿಕೆ ಅಂಟಿಕೊಂಡಿತು. "ಎರಡು ನಿಮಿಷ ಕೊಡಿ ಸರ್" ಎಂದು ತಟ್ಟೆ ಹಿಡಿದು ವರಾಂಡಕ್ಕೆ ಬಂದೆ. ಬೆರಳಿಗೆ ಪಾತ್ರೆ ಸಾಬೂನಿನ ನಿಂಬೆಯ ವಾಸನೆ. ಅಮ್ಮನಿಗೆ ಫೋನ್ ಮಾಡಿದೆ. ಅವಳು ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು.

"ಅಮ್ಮ, ತಟ್ಟೆಗೆ ಎಂತ ಮಾಡ್ದೆ?"

"ಸಾಬೂನ್ ಹಾಕಿ ಲಾಯ್ಕ್ ಮಾಡಿ ತೊಳ್ದೆ. ದೊಡ್ಡ್ ಜನ್ರ ಎದ್ರಿಗೆ ಮೀನ್ ವಾಸ್ನಿ ಬಪ್ಪುಕಾಗ ಅಲ್ದಾ? ಎಂತಕೆ, ಎಂತ ಆಯ್ತ್?"

"ಎಂತದೂ ಇಲ್ಲ" ಎಂದು ಫೋನಿಟ್ಟೆ. ಸಾಬೂನಿನ ಸಣ್ಣ ಪಸೆ ಉಳಿದರೂ ಸಾಕು, ಕರ್ಪೂರದ ಆಟ ನಿಂತುಹೋಗುತ್ತದೆ. ಸಿಟ್ಟು ಯಾರ ಮೇಲೆಂದು ಗೊತ್ತಾಗಲಿಲ್ಲ.

ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಹೆಂಗಸು ನನ್ನ ಮುಖ ನೋಡಿ, "ಹ್ವಾಯ್, ಎಂತ ಬೇಕಿತ್ತ್?" ಎಂದಳು.

"ಬಿಸಿನೀರು. ಜಾಸ್ತಿ ಬೇಕು."

"ಕ್ಯಾಂಟೀನಂಗೆ ಇತ್ತ್, ಈಗ ತತ್ತೆ."

ಅವಳು ತಂದ ಬಿಸಿನೀರಿನಲ್ಲಿ ತಟ್ಟೆ, ಬಟ್ಟಲು ಎರಡನ್ನೂ ನಾಲ್ಕು ಸಲ ತೊಳೆದೆ. ಕೈ ಸುಟ್ಟಿತು. ಒಳಗೆ ಹೋಗಿ, ಏನಾಗಿತ್ತೆಂದು ಮುಚ್ಚಿಡದೆ ಹೇಳಿ, ಮೀಸಲಿಟ್ಟಿದ್ದ ಬೇರೆ ಎರಡು ದೋಣಿ ಬಿಟ್ಟೆ.

ಒಂದು ನಡುಗಿತು, ಹೊರಟಿತು. ಎರಡನೆಯದೂ ಹಿಂದೆ ಹೋಯಿತು. ಒಂದು ಸಲ ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಂದವು. ಆರೇಳು ಸುತ್ತಿನ ಮೇಲೆ ಅಂತರ ಸಮವಾಯಿತು. ಎರಡೂ ಒಂದೇ ವೇಗದಲ್ಲಿ ತಿರುಗತೊಡಗಿದವು. ಗಡಿಯಾರ ನೋಡಿದ್ದವರೇ ಎದ್ದು ಬಂದು ಬಗ್ಗಿದರು.

"ಹಿಂದಿನದು ಮುಂದಿನದಕ್ಕೆ ಯಾಕೆ ಹೊಡೆಯೋದಿಲ್ಲ?"

"ಮುಂದಿನದು ಬಿಟ್ಟ ಕರ್ಪೂರ ಆ ನೀರಲ್ಲಿ ಇರ್ತದೆ ಸರ್. ಅಲ್ಲಿಗೆ ಬಂದಾಗ ಇದು ನಿಧಾನ ಆಗ್ತದೆ."

ಅವರು ತಲೆಯಾಡಿಸಿದರು.

ನಾಲ್ಕು ದಿನ ಕಾಲೇಜಿನಿಂದ ಫೋನ್ ಬರಲಿಲ್ಲ. ಐದನೆಯ ದಿನ, ಸಂತೆಯಿಂದ ತರಕಾರಿ ತರುತ್ತಿದ್ದಾಗ ಬಂತು. ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದರು. ಚೀಲ ಪಕ್ಕಕ್ಕಿಟ್ಟು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.