ಒಳಪುಟ ಕೇಳಿದ ಫೆಲಿಸಿದಾದ್ ಮೇಡಂ

ಇಲೊಯಿಲೊ ಪ್ರಾಂತ್ಯದ ಗ್ರಂಥಪಾಲಕರ ಬಳಗದಲ್ಲಿ ಶ್ರೀಮತಿ ಫೆಲಿಸಿದಾದ್ ಸೋಲ್ದೆವಿಲ್ಲಾ ಅವರ ಸ್ಥಾನ ವಿಶಿಷ್ಟವಾದುದು: ಮೂವತ್ತೆಂಟು ವರ್ಷ ಅವರು ಪುಸ್ತಕಗಳನ್ನು ಕಾದರು, ಅದಕ್ಕಿಂತ ಹೆಚ್ಚಾಗಿ ನಮ್ಮ ಮಾತುಗಳನ್ನು ಅನುಮಾನಿಸಿದರು. ನಮ್ಮ ದೇಶದ ಹತ್ತಾರು ದ್ವೀಪಗಳ ಗ್ರಂಥಪಾಲಕರಾದ ನಾವು ಬ್ಲಾಗಿನ ಮೂಲಕ ಪರಸ್ಪರ ಕಲಿಯತೊಡಗಿದಾಗ, ಪ್ರತಿ ಬರಹದ ಕೆಳಗೂ ಅವರದೊಂದು ಪ್ರಶ್ನೆ ಇರುತ್ತಿತ್ತು. ಅದು ಅಸೂಯೆಯೆಂದೇ ನಾನು ಬಹುಕಾಲ ಶಂಕಿಸಿದ್ದೆ.

ಚಂಡಮಾರುತದ ಕೆಸರುನೀರು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ನುಗ್ಗಿದ ವರ್ಷ, ನೆಂದ ಪುಸ್ತಕಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ, ಮೇಲೆ ಹಲಗೆ ಹೇರಿ, ಹತ್ತು ದಿನಗಳಲ್ಲಿ ಒಣಗಿಸಿದ ವಿಧಾನವನ್ನು ನಾನು ಬ್ಲಾಗಿನಲ್ಲಿ ಸಚಿತ್ರವಾಗಿ ಪ್ರಕಟಿಸಿದೆ. ಮುಂದಿನ ತಿಂಗಳು ರೋಹಾಸ್ ನಗರಕ್ಕೂ ನೆರೆ ಬಂದಾಗ ಅಲ್ಲಿನ ಗ್ರಂಥಪಾಲಕ ನೋಯೆಲ್ ಬರೆದರು: "ಚರ್ಚಿನ ಜ್ಞಾನಸ್ನಾನದ ದಾಖಲೆ ಪುಸ್ತಕ ಹನ್ನೆರಡೂ ನೆಂದಿವೆ. ಬೇರೆ ಪ್ರತಿ ಇಲ್ಲ. ಸೋಮವಾರ ನಿಮ್ಮ ಹಾಗೇ ಒತ್ತಿಡ್ತೀವಿ, ಅಣ್ಣಾ."

ಅದರ ಕೆಳಗೆ ಮೇಡಂ ಅವರ ಸಾಲು: "ಚಿತ್ರವೆಲ್ಲ ಹೊದಿಕೆಯವು. ಒಳಪುಟ ಎಲ್ಲಿ?"

ನಾನು ಉತ್ತರಿಸಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಜೀಪ್ನಿ ಬಸ್ಸು ಹಿಡಿದು, ಅವರೇ ನಮ್ಮ ಗ್ರಂಥಾಲಯಕ್ಕೆ ಬಂದರು.

"ಎಲ್ಲಪ್ಪಾ ನಿನ್ನ ಪವಾಡದ ಪುಸ್ತಕ? ತೆಗಿ."

"ಚೆನ್ನಾಗೇ ಇದೆ ಮೇಡಂ. ನೋಡಿ, ಹೊರಗೆ..."

"ಹೆಣಕ್ಕೂ ಹೊರಗೆ ಚೆನ್ನಾಗೇ ಪೌಡರ್ ಹಚ್ಚಿರ್ತಾರೆ. ಮೊದ್ಲು ಮೂಸು."

ನಡುವೆ ಬಿಡಿಸಹೋದೆ. ಪುಟಗಳು ಇಟ್ಟಿಗೆಯಂತೆ ಒಂದಾಗಿದ್ದವು. ಅಂಚಿನುದ್ದಕ್ಕೂ ಕಪ್ಪು ಬೂಷ್ಟು. ಹಲಗೆ ಇಳಿಸಿದ ಮೇಲೆ ಒಂದು ಪುಸ್ತಕವನ್ನೂ ನಾನು ತೆರೆದು ನೋಡಿರಲಿಲ್ಲ.

"ಬರಹ ಅಳಿಸಿಬಿಡ್ತೀನಿ ಮೇಡಂ."

"ಅಳಿಸಿದ್ರೆ ನಿನ್ನ ಮರ್ಯಾದೆ ಉಳಿಯುತ್ತೆ. ನೋಯೆಲ್ ಆಗ್ಲೇ ಪ್ರಿಂಟ್ ತೆಗ್ದಿಟ್ಕೊಂಡಿರ್ತಾನೆ. ಅವನ ದಾಖಲೆ ಉಳಿಯುತ್ತಾ?"

ಬೂಷ್ಟಿನ ಚಿತ್ರವನ್ನೂ ತಪ್ಪೊಪ್ಪಿಗೆಯನ್ನೂ ಅದೇ ಬರಹದ ನೆತ್ತಿಗೆ ಏರಿಸಿ, ನೋಯೆಲ್‌ಗೆ ಫೋನ್ ಮಾಡಿದೆ. ಪರೀಕ್ಷೆಗೆಂದು ಅವರು ಒಂದನ್ನು ಆಗಲೇ ಒತ್ತಿಟ್ಟಿದ್ದರು. ಅದರ ಶಾಯಿಯೆಲ್ಲ ಪತ್ರಿಕೆಗೆ ಹತ್ತಿಹೋಗಿತ್ತು. ಮಿಕ್ಕ ಹನ್ನೊಂದನ್ನು, ಮೇಡಂ ಫೋನಿನಲ್ಲಿ ಹೇಳಿಕೊಟ್ಟಂತೆ, ಹಾಳೆ ಹಾಳೆ ಬಿಡಿಸಿ ಫ್ಯಾನಿನ ಗಾಳಿಯಲ್ಲಿ ಒಣಗಿಸಿ ಉಳಿಸಿಕೊಂಡರು.

ನಗೆಪಾಟಲಿಗೆ ಸಿದ್ಧನಾಗಿಯೇ ಸೋಮವಾರ ಬ್ಲಾಗು ತೆರೆದೆ. ನನ್ನ ತಪ್ಪೊಪ್ಪಿಗೆಯ ಕೆಳಗಿನ ಮೊದಲ ಹೆಸರು ಮೇಡಂ ಅವರದೇ: ಇಪ್ಪತ್ತು ವರ್ಷಗಳ ಹಿಂದೆ ಇದೇ ರೀತಿ ತಮ್ಮ ಕೈಯಲ್ಲಿ ಹಾಳಾದ ಏಳು ಗ್ರಂಥಗಳನ್ನು, ಯಾರೂ ಕೇಳದಿದ್ದರೂ, ಒಂದೊಂದಾಗಿ ಹೆಸರಿಸಿದ್ದರು. ಸಂಜೆಯೊಳಗೆ ಸೆಬುವಿನಿಂದ, ದಾವಾವ್‌ನಿಂದ, ವರ್ಷಗಟ್ಟಲೆ ಮುಚ್ಚಿಟ್ಟ ತಪ್ಪುಗಳು ಸಾಲುಗಟ್ಟಿ ಬಂದವು. ನಾವು ನಿಜವಾಗಿ ಪರಸ್ಪರ ಕಲಿಯತೊಡಗಿದ್ದು ಅಂದು.

ನಿವೃತ್ತರಾಗುತ್ತಿರುವ ಅವರಿಗೆ ದೇವರು ದೀರ್ಘಾಯುಷ್ಯವನ್ನೂ ಕಣ್ಣಿಗೆ ಕಸುವನ್ನೂ ಕರುಣಿಸಲಿ. ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನಾ ಗ್ರಂಥವನ್ನು, ಅದರಲ್ಲೂ ಈ ಲೇಖನವನ್ನು, ಅವರು ಒಂದು ಮಾತನ್ನೂ ನಂಬದೆ ಓದಲಿ.